ಅಸಲು ಎಷ್ಟಕ್ಕೆ ಗಿಟ್ಟುತ್ತದೆ? ಸಣ್ಣ ವ್ಯಾಪಾರದ ಬ್ರೇಕ್ ಈವನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಯಾರಾದರೂ ಹೊಸ ಅಂಗಡಿ ಇಡುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಜಾಗ ಎಲ್ಲಿ, ಅಡ್ವಾನ್ಸ್ ಎಷ್ಟು ಅಂತ. ದಿನಕ್ಕೆ ಎಷ್ಟು ಮಾರಿದರೆ ಗಿಟ್ಟುತ್ತದೆ ಅಂತ ಕೇಳುವವರು ಕಡಿಮೆ. ನಮ್ಮ ವೈನಿ (ಅತ್ತಿಗೆ) ಜೋಳದ ರೊಟ್ಟಿ ಕೇಂದ್ರ ಶುರು ಮಾಡಿದಾಗ ಲೆಕ್ಕ ಬರೆದುಕೊಟ್ಟವನು ನಾನು. ಆ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿತ್ತು, ಅದರ ಭಾರ ಬಿದ್ದಿದ್ದು ಮಾತ್ರ ಅವರ ಮೇಲೆ. ಆಮೇಲೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪರಿಚಯದವರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಲೆಕ್ಕ ಸುಲಭವಾಗಲಿ ಅಂತ ರೇಟುಗಳನ್ನು ದುಂಡಗೆ ಮಾಡಿದ್ದೇನೆ. ನಿಮ್ಮ ಊರಿನ ರೇಟು ಹಾಕಿಕೊಂಡು ನೋಡಿ.

ಬ್ರೇಕ್ ಈವನ್ ಅಂದರೆ ಏನು?

ಲಾಭವೂ ಇಲ್ಲ, ನಷ್ಟವೂ ಇಲ್ಲ, ಅಷ್ಟು ಮಾರಾಟ. ನಮ್ಮ ಕಡೆ ಧಾನ್ಯದ ಸಗಟು ಮಾರುಕಟ್ಟೆಯಾದ ಗಂಜ್‌ನಲ್ಲಿ "ಅಸಲ್ ಬಂತೇನು?" ಅಂತ ಕೇಳುತ್ತಾರಲ್ಲ, ಅದೇ ಮಾತು. ಆದರೆ ಗಂಜ್‌ನಲ್ಲಿ ಅದನ್ನು ಮಾರಿದ ಮೇಲೆ ಕೇಳುತ್ತಾರೆ. ನೀವು ಅಂಗಡಿಯ ಕರಾರಿಗೆ ಸಹಿ ಹಾಕುವ ಮೊದಲೇ ಕೇಳಬೇಕು.

ಲೆಕ್ಕ ಹೇಗೆ ಹಾಕುವುದು?

ಖರ್ಚನ್ನು ಎರಡು ಗುಂಪು ಮಾಡಿ. ಒಂದು, ಮಾರಿದರೂ ಮಾರದಿದ್ದರೂ ತಿಂಗಳಿಗೆ ಬಂದೇ ಬರುವ ಕಾಯಂ ಖರ್ಚು. ಇನ್ನೊಂದು, ಒಂದೊಂದು ರೊಟ್ಟಿಗೂ ಏರುತ್ತಾ ಹೋಗುವ ಖರ್ಚು. ಮಾರುವ ಬೆಲೆಯಿಂದ ಈ ಎರಡನೆಯದನ್ನು ಕಳೆದರೆ ಒಂದು ರೊಟ್ಟಿಗೆ ಕೈಯಲ್ಲಿ ಇಷ್ಟು ಅಂತ ಉಳಿಯುತ್ತದೆ. ಅದನ್ನು ಇಲ್ಲಿ ಉಳಿಕೆ ಅಂತ ಕರೆಯೋಣ, ಅಕೌಂಟೆಂಟ್‌ಗಳು ಕಾಂಟ್ರಿಬ್ಯೂಷನ್ ಅನ್ನುತ್ತಾರೆ. ಕಾಯಂ ಖರ್ಚನ್ನು ಉಳಿಕೆಯಿಂದ ಭಾಗಿಸಿದರೆ ತಿಂಗಳಿಗೆ ಎಷ್ಟು ಮಾರಬೇಕು ಅಂತ ಬರುತ್ತದೆ. ಇಷ್ಟೇ ಗಣಿತ.

ಒಂದು ರೊಟ್ಟಿಯ ಖರ್ಚು ನೋಡಿ. ಗಿರಣಿ ಸೇರಿ ಜೋಳದ ಹಿಟ್ಟು ಕೆಜಿಗೆ 50 ರೂಪಾಯಿ, ಕೆಜಿಗೆ 20 ರೊಟ್ಟಿ ಅಂತ ಇಟ್ಟುಕೊಂಡರೆ ರೊಟ್ಟಿಗೆ ಎರಡೂವರೆ ರೂಪಾಯಿ. ಗ್ಯಾಸ್ 80 ಪೈಸೆ. ರೊಟ್ಟಿ ಬಡಿಯುವವರ ಕೂಲಿ 2 ರೂಪಾಯಿ. ಪ್ಯಾಕಿಂಗ್ 40 ಪೈಸೆ. ಹರಿದದ್ದು, ಸಂಜೆಗೆ ಉಳಿದದ್ದು ಅಂತ 30 ಪೈಸೆ. ಒಟ್ಟು 6 ರೂಪಾಯಿ. ಮಾರುವುದು 10ಕ್ಕೆ, ಉಳಿಕೆ 4 ರೂಪಾಯಿ.

ತಿಂಗಳ ಕಾಯಂ ಖರ್ಚು: ಬಾಡಿಗೆ 6,000, ಕರೆಂಟು 800, ಸಾಲದ ಬಡ್ಡಿ 1,200, ಫೋನು ಮತ್ತು ಸಣ್ಣಪುಟ್ಟದ್ದು 500, ತವಾ, ಒಲೆ, ಪಾತ್ರೆಗಳ ಸವೆತಕ್ಕೆ 500. ಒಟ್ಟು 9,000. ನಾಲ್ಕರಿಂದ ಭಾಗಿಸಿದರೆ 2,250 ರೊಟ್ಟಿ. ತಿಂಗಳಿಗೆ 26 ದಿನ ತೆರೆದರೆ ದಿನಕ್ಕೆ 87.

ನಾನು ವೈನಿಗೆ ಬರೆದುಕೊಟ್ಟ ಸಂಖ್ಯೆ ಇದೇ. ಇದು ತಪ್ಪು.

ಯಾಕೆ ತಪ್ಪು? ಲೆಕ್ಕ ಸರಿಯಾಗಿಯೇ ಇದೆಯಲ್ಲ?

ಇದರಲ್ಲಿ ವೈನಿಯ ಕೂಲಿ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ನಾದುವುದು, ಗಿರಾಕಿ ನೋಡುವುದು, ಸಂಜೆ ಪಾತ್ರೆ ತೊಳೆದು ಲೆಕ್ಕ ಬರೆಯುವುದು, ಎಲ್ಲ ಅವರೇ. ಮನೆಯವರದ್ದೇ ಕೆಲಸ ಅಲ್ವಾ, ಅದಕ್ಕೆಂಥ ಕೂಲಿ ಅಂದುಕೊಂಡು ಬಿಟ್ಟೆ.

ಮೊದಲ ಎಂಟು ತಿಂಗಳು ದಿನಕ್ಕೆ ಸರಾಸರಿ 150 ರೊಟ್ಟಿ ಹೋದವು. 87 ಸಾಕಿತ್ತು, 150 ಹೋಗುತ್ತಿವೆ ಅಂತ ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದೆವು. ಒಂದು ದಿನ ವೈನಿ ಹೇಳಿದರು: "ದಿನಾ ರೊಕ್ಕ ಕೈಗೆ ಬರ್ತದ ಖರೆ, ತಿಂಗಳ ಕೊನಿಗೆ ಏನೂ ಉಳಿಯಂಗಿಲ್ಲ ನೋಡಪ್ಪ." ಕೂತು ಲೆಕ್ಕ ಹಾಕಿದೆ. ತಿಂಗಳಿಗೆ 3,900 ರೊಟ್ಟಿ, ಉಳಿಕೆ 15,600, ಕಾಯಂ ಖರ್ಚು ಕಳೆದರೆ 6,600. ಅಂದರೆ ದಿನಕ್ಕೆ 254 ರೂಪಾಯಿ. ಅವರ ಹತ್ತಿರ ರೊಟ್ಟಿ ಬಡಿಯಲು ಬರುತ್ತಿದ್ದ ಅಕ್ಕನಿಗೆ ರೊಟ್ಟಿಗೆ ಎರಡು ರೂಪಾಯಿಯಂತೆ ದಿನಕ್ಕೆ 300 ಸಿಗುತ್ತಿತ್ತು, ಮಧ್ಯಾಹ್ನ ಮನೆಗೆ ಹೋಗುತ್ತಿದ್ದರು. ಸಾಲ ಹೊತ್ತು, ಐದರಿಂದ ಸಂಜೆವರೆಗೆ ದುಡಿದ ಮಾಲಕಿಗೆ ಅವರಿಗಿಂತ ಕಡಿಮೆ.

ಅದೇ ಕೆಲಸಕ್ಕೆ ಹೊರಗಿನವರನ್ನು ಇಟ್ಟರೆ ಎಷ್ಟು ಕೊಡಬೇಕಾಗುತ್ತಿತ್ತೋ ಅಷ್ಟನ್ನು ಕಾಯಂ ಖರ್ಚಿಗೆ ಸೇರಿಸಿ. ನಾವು 15,000 ಅಂತ ಇಟ್ಟೆವು. ಕಾಯಂ ಖರ್ಚು 24,000 ಆಯಿತು. ಈಗ ತಿಂಗಳಿಗೆ 6,000 ರೊಟ್ಟಿ, ದಿನಕ್ಕೆ 231. ಎಲ್ಲಿ 87, ಎಲ್ಲಿ 231! ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ. ಹೆಂಡತಿ, ತಾಯಿ, ಕಾಲೇಜಿಗೆ ಹೋಗುವ ಮಗ, ಯಾರು ದುಡಿದರೂ ಅವರ ಕೂಲಿ ಬರೆಯಿರಿ. ಮನೆಗೆ ಒಯ್ದ ರೊಟ್ಟಿಯನ್ನೂ ಬರೆಯಿರಿ.

ಕೂಲಿ ಕಾಯಂ ಖರ್ಚಾ, ಏರಿಳಿಯುವ ಖರ್ಚಾ?

ಹೇಗೆ ಕೊಡುತ್ತೀರಿ ಅನ್ನುವುದರ ಮೇಲೆ. ರೊಟ್ಟಿಗೆ ಇಷ್ಟು ಅಂತ ಕೊಟ್ಟರೆ ಏರಿಳಿಯುವ ಖರ್ಚು. ತಿಂಗಳ ಪಗಾರ ಆದರೆ ಕಾಯಂ. ಶುರುವಿನಲ್ಲಿ ಗಿರಾಕಿ ಎಷ್ಟು ಬರುತ್ತಾರೆ ಗೊತ್ತಿರುವುದಿಲ್ಲ, ಹಾಗಾಗಿ ರೊಟ್ಟಿಗೆ ಇಷ್ಟು ಅಂತ ಕೊಡುವುದು ನಿಮಗೆ ಸುರಕ್ಷಿತ. ಆದರೆ ಮಳೆ ಬಂದು ವ್ಯಾಪಾರ ಇಲ್ಲದ ದಿನ ಬಡಿಯುವವರು ಬರಿಗೈಲಿ ಹೋಗಬೇಕಾಗುತ್ತದೆ, ಅದು ನ್ಯಾಯ ಅಲ್ಲ, ಎರಡನೇ ತಿಂಗಳಿಗೆ ಅವರು ಬೇರೆ ಕಡೆ ಹೋಗುತ್ತಾರೆ ಕೂಡ. ನಾವು ದಿನಕ್ಕೆ ಇಷ್ಟು ರೊಟ್ಟಿಯ ಕೂಲಿ ಗ್ಯಾರಂಟಿ ಅಂತ ಮಾತಾಡಿಕೊಂಡೆವು. ಆ ಗ್ಯಾರಂಟಿ ಮೊತ್ತವನ್ನು ಕಾಯಂ ಅಂತಲೇ ಹಿಡಿಯಬೇಕು.

ಕರೆಂಟ್ ಬಿಲ್ಲನ್ನು ಎಲ್ಲಿ ಹಾಕಲಿ?

ಜೆಸ್ಕಾಂ ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಿ. ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕ ಒಂದು ಸಾಲು, ಸುಟ್ಟ ಯೂನಿಟ್ಟಿಗೆ ಇನ್ನೊಂದು ಸಾಲು. ಮೊದಲನೆಯದು ಕಾಯಂ. ಎರಡನೆಯದು ಯಂತ್ರ ಓಡಿಸುವ ವ್ಯಾಪಾರ ಆದರೆ ಏರಿಳಿಯುವ ಖರ್ಚಿಗೆ ಹೋಗಬೇಕು. ರೊಟ್ಟಿ ಕೇಂದ್ರದಲ್ಲಿ ಎರಡು ಲೈಟು, ಫ್ಯಾನು ಅಷ್ಟೇ, ಪೂರ್ತಿ ಕಾಯಂ ಅಂತ ಹಿಡಿದರೂ ನಡೆಯುತ್ತದೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಜಾಗ ಸಿಗುತ್ತಿದೆ, ಬಾಡಿಗೆ ಮಾತ್ರ 10,000 ಜಾಸ್ತಿ. ಹೋಗಲೋ ಬೇಡವೋ?

10,000ವನ್ನು 4ರಿಂದ ಭಾಗಿಸಿ. 2,500 ರೊಟ್ಟಿ, ಅಂದರೆ ದಿನಕ್ಕೆ ಇನ್ನೂ 97 ರೊಟ್ಟಿ ಜಾಸ್ತಿ ಹೋಗಬೇಕು. ಆ ಜಾಗ ದಿನಕ್ಕೆ 97 ರೊಟ್ಟಿ ಜಾಸ್ತಿ ಮಾರಿಸುತ್ತದಾ? ಅಲ್ಲಿ ಜನ ಜಾಸ್ತಿ ನಿಜ. ಆದರೆ ಸೀರೆ ತಗೊಳ್ಳಲು ಬಂದವರು ರೊಟ್ಟಿ ತಗೊಂಡು ಹೋಗುತ್ತಾರಾ? ಎರಡು ದಿನ ಸಂಜೆ ಆರರಿಂದ ಎಂಟರವರೆಗೆ ಆ ಜಾಗದಲ್ಲಿ ಸುಮ್ನೆ ನಿಂತು ನೋಡಿ. ಸೇಡಂ ರಸ್ತೆ ಕಡೆ ಬಾಡಿಗೆ ರೂಮುಗಳಲ್ಲಿ ಇರುವ ಹುಡುಗರಿಗೆ ರೊಟ್ಟಿ ದಿನಾ ಬೇಕು, ಅವರಿಗೆ ಮುಖ್ಯ ರಸ್ತೆಯ ಅಂಗಡಿಯೇ ಬೇಕು ಅಂತೇನಿಲ್ಲ.

ಪಕ್ಕದವರು 9 ರೂಪಾಯಿಗೆ ಕೊಡುತ್ತಿದ್ದಾರೆ. ನಾನೂ ಇಳಿಸಲೇ?

ಒಂದೇ ರೂಪಾಯಿ ಅಲ್ವಾ ಅನಿಸುತ್ತದೆ. ಆದರೆ ಆ ಒಂದು ರೂಪಾಯಿ ಹೋಗುವುದು 10ರಿಂದ ಅಲ್ಲ, ನಿಮ್ಮ 4 ರೂಪಾಯಿ ಉಳಿಕೆಯಿಂದ. ಉಳಿಕೆ 3 ಆಯಿತು. 24,000ಕ್ಕೆ ಈಗ 8,000 ರೊಟ್ಟಿ ಬೇಕು, ದಿನಕ್ಕೆ 308. ಬೆಲೆ ಶೇ. 10 ಇಳಿಸಿದ್ದಕ್ಕೆ ಮಾರಾಟ ಮೂರನೇ ಒಂದರಷ್ಟು ಏರಬೇಕು. ಇಬ್ಬರು ಕೂತು ಬಡಿದರೂ ನಮ್ಮಲ್ಲಿ ದಿನಕ್ಕೆ ಆಗುವುದು 250. ಹಾಗಾಗಿ ಈ ಪ್ರಶ್ನೆಗೆ ನನ್ನ ಉತ್ತರ ಬೇಡ ಅಂತಲೇ. ಖಾನಾವಳಿಯವರು ದಿನಾ 100 ಕಟ್ಟಿಕೊಂಡು ಹೋಗುತ್ತೇನೆ, ಪ್ಯಾಕಿಂಗ್ ಬೇಡ, ನಗದು ಕೊಡುತ್ತೇನೆ ಅಂದರೆ ಮಾತ್ರ ಆ ನೂರಕ್ಕೆ ಬೇರೆ ಲೆಕ್ಕ ಹಾಕಿ.

ಜೋಳದ ರೇಟು ಏರಿದರೆ?

ಹಿಟ್ಟು 50ರಿಂದ 60 ಆದರೆ ರೊಟ್ಟಿಗೆ ಬರೀ 50 ಪೈಸೆ. ಆದರೆ ಉಳಿಕೆ ಮೂರೂವರೆಗೆ ಇಳಿದು ದಿನಕ್ಕೆ 264 ರೊಟ್ಟಿ ಬೇಕಾಗುತ್ತದೆ, ಅಂದರೆ ನಮ್ಮ 250ರ ಮಿತಿ ದಾಟಿತು. ಮಿತಿ ದಾಟಿದ ಬ್ರೇಕ್ ಈವನ್ ಅಂದರೆ ಆ ವ್ಯಾಪಾರ ಆ ರೂಪದಲ್ಲಿ ನಡೆಯುವುದಿಲ್ಲ ಅಂತ ಅರ್ಥ. ಬೆಲೆ ಏರಿಸಬೇಕು, ಇಲ್ಲ ಇನ್ನೊಬ್ಬರನ್ನು ಸೇರಿಸಬೇಕು, ಇಲ್ಲ ಬೇರೆ ಖರ್ಚು ಇಳಿಸಬೇಕು.

ಹಿಂಗಾರಿ ಜೋಳ ಫೆಬ್ರವರಿ, ಮಾರ್ಚ್ ಹೊತ್ತಿಗೆ ರಾಶಿಯಾಗಿ ಬರುತ್ತದೆ. ಮನೆಗಳಲ್ಲಿ ವರ್ಷದ ಮಾಲ್ದಂಡಿ ಜೋಳ ಆಗಲೇ ತುಂಬಿಸಿಡುವ ಹಾಗೆ ನೀವೂ ಕೆಲವು ತಿಂಗಳಿಗೆ ತುಂಬಿಸಿಡಬಹುದು. ಹುಳ ಹಿಡಿಯದ ಹಾಗೆ ನೋಡಿಕೊಳ್ಳಬೇಕು, ಅಷ್ಟು ದುಡ್ಡು ಚೀಲದಲ್ಲಿ ಕೂರುತ್ತದೆ ಅನ್ನುವುದೂ ನೆನಪಿರಲಿ. ಬಡ್ಡಿಗೆ ತಂದ ದುಡ್ಡಾದರೆ ಆ ಬಡ್ಡಿಯನ್ನು ಜೋಳದ ರೇಟಿಗೆ ಸೇರಿಸಿ ನೋಡಿ.

ಒಂದೇ ಸಾಮಾನು ಅಲ್ಲ, ಶೇಂಗಾ ಹಿಂಡಿ (ಚಟ್ನಿ ಪುಡಿ), ಕಡಕ್ ರೊಟ್ಟಿ, ಹೋಳಿಗೆ ಎಲ್ಲ ಮಾರುತ್ತೇನೆ. ಯಾವುದನ್ನು ಎಣಿಸಲಿ?

ಆಗ ಸಾಮಾನು ಎಣಿಸಬೇಡಿ, ರೂಪಾಯಿ ಎಣಿಸಿ. ರೊಟ್ಟಿಯಲ್ಲಿ 10ಕ್ಕೆ 4 ಉಳಿಯುತ್ತದೆ, ಶೇ. 40. ಶೇಂಗಾ ಹಿಂಡಿ ಪ್ಯಾಕೆಟ್ 40ಕ್ಕೆ ಮಾರಿ 28 ಖರ್ಚಾದರೆ ಉಳಿಕೆ 12, ಶೇ. 30. ಗಲ್ಲಾಕ್ಕೆ ಬಂದ 100 ರೂಪಾಯಿಯಲ್ಲಿ 60 ರೊಟ್ಟಿಯದು, 40 ಹಿಂಡಿಯದು ಆದರೆ ಒಟ್ಟು ಉಳಿಕೆ 24 ಮತ್ತು 12 ಸೇರಿ 36. ಕಾಯಂ ಖರ್ಚು 24,000ವನ್ನು 0.36ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 66,700 ರೂಪಾಯಿ ವ್ಯಾಪಾರ ಬೇಕು. ಬರೀ ರೊಟ್ಟಿ ಆಗಿದ್ದರೆ 60,000 ಸಾಕಿತ್ತು. ಹಾಗಂತ ಹಿಂಡಿ ಬಿಡಬೇಕು ಅಂತಲ್ಲ, ರೊಟ್ಟಿಗೆ ಬಂದವರೇ ಹಿಂಡಿ ಒಯ್ದರೆ ಅದು ಮೇಲಿನ ಉಳಿಕೆ.

ಕಿರಾಣಿ ಅಂಗಡಿಯವರೂ ಹೀಗೇ ಮಾಡಿ. ಸರಾಸರಿ ಶೇ. 12 ಉಳಿದು, ನಿಮ್ಮ ಕೂಲಿ ಸೇರಿ ಕಾಯಂ ಖರ್ಚು 30,000 ಇದ್ದರೆ ತಿಂಗಳಿಗೆ ಎರಡೂವರೆ ಲಕ್ಷದ ವ್ಯಾಪಾರ ಬೇಕು. ದಿನಾ ತೆರೆದರೆ ದಿನಕ್ಕೆ 8,333 ರೂಪಾಯಿ.

ಬೀದರ್‌ನಲ್ಲಿ ಬಿದ್ರಿ ಕೆಲಸ ಮಾಡುತ್ತೇನೆ. ಒಂದೊಂದು ಹೂದಾನಿಗೂ ಒಂದೊಂದು ಬೆಲೆ. ನನಗೆ ಈ ಲೆಕ್ಕ ಹೊಂದುತ್ತದಾ?

ಹೊಂದುತ್ತದೆ, ಆದರೆ ನೀವು ಎಣಿಸಬೇಕಾದದ್ದು ಗಂಟೆ. ಸತು ಮತ್ತು ತಾಮ್ರ, ಕೂರಿಸುವ ಬೆಳ್ಳಿ, ಇವು ತುಂಡಿಗೆ ತಕ್ಕಂತೆ ಏರುವ ಖರ್ಚು. ಬೆಳ್ಳಿಯನ್ನು ನೀವು ಕೊಂಡ ದಿನದ ರೇಟಿಗೆ ಅಲ್ಲ, ಇವತ್ತಿನ ರೇಟಿಗೆ ಹಿಡಿಯಿರಿ, ಯಾಕೆಂದರೆ ಮುಂದಿನ ತುಂಡಿಗೆ ಇವತ್ತಿನ ರೇಟಿನಲ್ಲೇ ತರಬೇಕು. ಉಳಿದದ್ದು ಕೈಕೆಲಸ. ನಿಮ್ಮ ಕೂಲಿ ಸೇರಿ ತಿಂಗಳ ಕಾಯಂ ಖರ್ಚು 30,000, ಕೆತ್ತನೆ ಮತ್ತು ಕೂರಿಸುವ ಕೆಲಸಕ್ಕೆ ನಿಜವಾಗಿ ಸಿಗುವುದು 150 ಗಂಟೆ ಅಂದರೆ ಗಂಟೆಗೆ 200 ರೂಪಾಯಿ. 20 ಗಂಟೆ ಹಿಡಿಯುವ ಹೂದಾನಿಗೆ ಸಾಮಗ್ರಿಯ ಖರ್ಚಿನ ಮೇಲೆ 4,000 ಬರಲೇಬೇಕು. ಗಿರಾಕಿ ಚೌಕಾಸಿ ಮಾಡುವಾಗ ಎಲ್ಲಿ ನಿಲ್ಲಬೇಕು ಅಂತ ಆಗ ಗೊತ್ತಿರುತ್ತದೆ. ಬಿದ್ರಿ ಕಲೆಗೆ 2006ರಲ್ಲೇ ಜಿಐ, ಅಂದರೆ ಭೌಗೋಳಿಕ ಸೂಚಕದ ಗುರುತು ಸಿಕ್ಕಿದೆ. ಆ ಹೆಸರಿನ ಬೆಲೆ ಕುಶಲಕರ್ಮಿಯ ಗಂಟೆಗೆ ಬರಬೇಕು ಅಂದರೆ ಮೊದಲು ಆ ಗಂಟೆಗಳನ್ನು ಬರೆದಿಡಬೇಕು. ಶಹಾಪುರ, ಸುರಪುರದಲ್ಲಿ ಹೊಲಿಗೆ ಅಂಗಡಿ ನಡೆಸುವವರಿಗೂ ಇದೇ ದಾರಿ.

ಸಣ್ಣ ತೊಗರಿ ಬೇಳೆ ಮಿಲ್ ಹಾಕಬೇಕು ಅಂತಿದ್ದೇನೆ. ತಿಂಗಳ ಲೆಕ್ಕ ಸಾಕಾ?

ಸಾಲದು. ತೊಗರಿ ರಾಶಿಯಾಗುವುದು ಡಿಸೆಂಬರ್‌ನಿಂದ ಶುರುವಾಗಿ ಕೆಲವೇ ತಿಂಗಳು. ಮಿಲ್ಲಿನ ಬಾಡಿಗೆ, ಬಡ್ಡಿ, ಕಾವಲು ಹನ್ನೆರಡು ತಿಂಗಳೂ ಇರುತ್ತವೆ. ರೈತರು ತಂದ ತೊಗರಿಯನ್ನು ಕೂಲಿಗೆ ಒಡೆದು ಕೊಡುತ್ತೀರಿ ಅಂತ ಇಟ್ಟುಕೊಳ್ಳಿ. ಕ್ವಿಂಟಲ್‌ಗೆ 600 ತಗೊಂಡು 250 ಖರ್ಚಾದರೆ ಉಳಿಕೆ 350. ಕಾಯಂ ಖರ್ಚು ತಿಂಗಳಿಗೆ 40,000 ಅಂದರೆ ವರ್ಷಕ್ಕೆ 4,80,000. ವರ್ಷಕ್ಕೆ 1,372 ಕ್ವಿಂಟಲ್ ಬೇಕು. ತಿಂಗಳಿಗೆ 115 ಅಂದರೆ ಸುಲಭ ಅನಿಸುತ್ತದೆ, ಆದರೆ ಕೆಲಸ ಐದೇ ತಿಂಗಳು ಇದ್ದರೆ ಆ ಐದು ತಿಂಗಳಲ್ಲಿ ತಿಂಗಳಿಗೆ 275 ಕ್ವಿಂಟಲ್ ಒಡೆಯಬೇಕು. ನಿಮ್ಮ ಯಂತ್ರಕ್ಕೆ ಅಷ್ಟು ಆಗುತ್ತದಾ ನೋಡಿ. ನೀವೇ ತೊಗರಿ ಕೊಂಡು ಬೇಳೆ ಮಾರುವುದಾದರೆ ಹೊಟ್ಟು, ಚುನ್ನಿ (ಒಡೆಯುವಾಗ ಉಳಿಯುವ ನುಚ್ಚು, ಪುಡಿ) ಮಾರಿ ಬರುವ ದುಡ್ಡನ್ನೂ ಲೆಕ್ಕಕ್ಕೆ ತಗೊಳ್ಳಿ. ಆದರೆ ಅಲ್ಲಿ ಗಂಜ್‌ನ ರೇಟು ಏರಿಳಿಯುವ ಅಪಾಯ ಪೂರ್ತಿ ನಿಮ್ಮ ತಲೆ ಮೇಲೆ.

ರೊಟ್ಟಿಗೆ ಸೀಸನ್ ಇದೆಯಾ?

ಇದೆ. ಮದುವೆ ದಿನಗಳಲ್ಲಿ, ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಏರುತ್ತದೆ. ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ ಆರ್ಡರ್ ಬರುತ್ತವೆ, ಹಬ್ಬದ ದಿನ ಊರೆಲ್ಲ ಹೊಲದಲ್ಲಿ ಇರುತ್ತದೆ, ಅಂಗಡಿಗೆ ಯಾರೂ ಬರುವುದಿಲ್ಲ. ಏಪ್ರಿಲ್, ಮೇ ಬಿಸಿಲಿಗೆ ಮಧ್ಯಾಹ್ನದ ಗಿರಾಕಿ ಕಡಿಮೆ. ವರ್ಷಕ್ಕೆ ಬೇಕಾದದ್ದು 72,000 ರೊಟ್ಟಿ. ನಾಲ್ಕು ತಿಂಗಳು ದಿನಕ್ಕೆ 180ರಂತೆ ಹೋದರೆ ಉಳಿದ ಎಂಟು ತಿಂಗಳಲ್ಲಿ ದಿನಕ್ಕೆ 257 ಹೋಗಬೇಕು. ಏರುವ ತಿಂಗಳ ದುಡ್ಡು ಲಾಭ ಅಂತ ಖರ್ಚು ಮಾಡಿದರೆ ಬೇಸಿಗೆಯ ಬಾಡಿಗೆಗೆ ಕೈ ಖಾಲಿ.

ಸಾಲದ ಕಂತು ಪೂರ್ತಿ ಸೇರಿಸಬೇಕಾ?

ಲಾಭ ನಷ್ಟದ ಲೆಕ್ಕಕ್ಕೆ ಬಡ್ಡಿ ಮಾತ್ರ. ಆದರೆ ಬ್ಯಾಂಕು ಕಂತನ್ನು ಪೂರ್ತಿ ಕೇಳುತ್ತದೆ. 1,20,000 ಸಾಲ, ಶೇ. 12 ಬಡ್ಡಿ, ಮೂರು ವರ್ಷ ಅಂದರೆ ಕಂತು ಸುಮಾರು 3,986. ಮೊದಲ ತಿಂಗಳು ಅದರಲ್ಲಿ ಬಡ್ಡಿ 1,200, ಅಸಲು 2,786. ಕೈಯಿಂದ ಹೋಗುವ ದುಡ್ಡಿನ ಲೆಕ್ಕ ಬೇಕಾದರೆ 24,000ಕ್ಕೆ ಆ 2,786 ಸೇರಿಸಿ, ಸವೆತದ 500 ಕಳೆಯಿರಿ, ಯಾಕೆಂದರೆ ಸವೆತ ಈ ತಿಂಗಳು ಜೇಬಿನಿಂದ ಹೋಗುವುದಿಲ್ಲ. 26,286 ಆಯಿತು. ದಿನಕ್ಕೆ 253 ರೊಟ್ಟಿ. ಎರಡೂ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮುದ್ರಾ ಸಾಲದಲ್ಲಿ ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ಸಿಗುತ್ತದೆ ಅಂತ ದೊಡ್ಡ ಮೊತ್ತ ತಗೊಳ್ಳಬೇಡಿ, ಕಂತು ಎಷ್ಟು ರೊಟ್ಟಿ ಆಗುತ್ತದೆ ಅಂತ ಮೊದಲು ನೋಡಿ. ಸಬ್ಸಿಡಿಯನ್ನೂ ತಿಂಗಳ ಲೆಕ್ಕಕ್ಕೆ ತರಬೇಡಿ. ಕಿರು ಆಹಾರ ಸಂಸ್ಕರಣೆಯ ಕೇಂದ್ರ ಯೋಜನೆಯಲ್ಲಿ ಶೇ. 35ರ ಸಬ್ಸಿಡಿ ನಿಮ್ಮ ಕೈಗೆ ನಗದಾಗಿ ಬರುವುದಿಲ್ಲ, ಮೂರು ವರ್ಷ ಸಾಲ ಸರಿಯಾಗಿ ನಡೆದ ಮೇಲೆ ಸಾಲಕ್ಕೆ ಹೊಂದಿಸುತ್ತಾರೆ.

ಅಡ್ವಾನ್ಸ್, ಒಲೆ, ಬೋರ್ಡಿಗೆ ಹಾಕಿದ ದುಡ್ಡು?

ಅದು ಬಂಡವಾಳ. ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತದೆ ಅನ್ನುವುದು ಬೇರೆ ಲೆಕ್ಕ, ಬ್ರೇಕ್ ಈವನ್ ದಾಟಿದ ಮೇಲೆ ಉಳಿಯುವ ದುಡ್ಡಿನಿಂದ ಬರುತ್ತದೆ. ಎರಡನ್ನೂ ಕಲಸಬೇಡಿ. 60,000ದ ಸಾಮಾನು ಹತ್ತು ವರ್ಷ ಬಾಳಿದರೆ ತಿಂಗಳಿಗೆ 500 ಸವೆತ, ಅಷ್ಟು ಮಾತ್ರ ಮೇಲಿನ ಲೆಕ್ಕದಲ್ಲಿದೆ.

ಉದ್ರಿ ಕೊಡದೆ ವ್ಯಾಪಾರ ಆಗುವುದಿಲ್ಲವಲ್ಲ?

ಗೊತ್ತು. ಓಣಿಯಲ್ಲಿ ಎಲ್ಲರೂ ಗುರುತಿನವರು, ಕಾಕಾ ಬಂದು "ತಿಂಗಳಿಗೆ ಕೊಡ್ತೀನಿ" ಅಂದರೆ ಇಲ್ಲ ಅನ್ನುವುದು ಕಷ್ಟ. ಆದರೆ 100 ರೊಟ್ಟಿಯ ದುಡ್ಡು ಮುಳುಗಿದರೆ ಅದಕ್ಕೆ ಹಾಕಿದ 600 ರೂಪಾಯಿ ವಾಪಸ್ ಬರಲು ಇನ್ನೂ 150 ರೊಟ್ಟಿ ಮಾರಬೇಕು. ದಿನದ ಸಂಖ್ಯೆ ಮುಟ್ಟಿದೆಯಾ ಅಂತ ನೋಡುವಾಗ ಉದ್ರಿ ರೊಟ್ಟಿಯನ್ನು ಬೇರೆ ಪುಟದಲ್ಲಿ ಬರೆಯಿರಿ, ದುಡ್ಡು ಬಂದ ದಿನ ಈ ಪುಟಕ್ಕೆ ತನ್ನಿ.

ಡೆಲಿವರಿ ಆ್ಯಪ್‌ಗಳಲ್ಲಿ ಹಾಕಿದರೆ?

ಅವರ ಕಮಿಷನ್ ಏರಿಳಿಯುವ ಖರ್ಚು. ಶೇ. 25 ಅಂತ ಹಿಡಿದರೆ 10 ರೂಪಾಯಿಗೆ ಎರಡೂವರೆ ಹೋಗಿ ಉಳಿಕೆ ಒಂದೂವರೆ. ಅದೇ ಬೆಲೆಗೆ ಹಾಕಬೇಡಿ.

ಜಿಎಸ್‌ಟಿ?

ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ನೋಂದಣಿ ಆಗಿದ್ದರೆ ಗಿರಾಕಿಯಿಂದ ತಗೊಂಡ ತೆರಿಗೆ ನಿಮ್ಮ ಆದಾಯ ಅಲ್ಲ, ಅದನ್ನು ತೆಗೆದಿಟ್ಟು ಉಳಿಕೆ ಲೆಕ್ಕ ಹಾಕಿ.

ತಿಂಗಳಿಗೆ 10,000 ಲಾಭ ಬೇಕು. ಎಷ್ಟು ಮಾರಲಿ?

24,000ಕ್ಕೆ 10,000 ಸೇರಿಸಿ 4ರಿಂದ ಭಾಗಿಸಿ. 8,500 ರೊಟ್ಟಿ, ದಿನಕ್ಕೆ 327. ಇದಕ್ಕೆ ಮೂರನೆಯವರು, ಇನ್ನೊಂದು ಒಲೆ ಬೇಕು. ಆಗ ಕಾಯಂ ಖರ್ಚೇ ಒಂದು ಮೆಟ್ಟಿಲು ಏರುತ್ತದೆ, ಮತ್ತೆ ಲೆಕ್ಕ ಹಾಕಿ.

ಎಷ್ಟು ದಿನಕ್ಕೊಮ್ಮೆ ಲೆಕ್ಕ ನೋಡಬೇಕು?

ಜೋಳ, ಗ್ಯಾಸ್, ಬಾಡಿಗೆ, ಕೂಲಿ ಯಾವುದು ಬದಲಾದರೂ ಅದೇ ದಿನ. ವೈನಿ ದಿನದ ಸಂಖ್ಯೆಯನ್ನು ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಸುಣ್ಣದಿಂದ ಬರೆಯುತ್ತಾರೆ.

ಆರು ತಿಂಗಳಾದರೂ ಆ ಸಂಖ್ಯೆ ಮುಟ್ಟಲಿಲ್ಲ. ಮುಚ್ಚಿಬಿಡಲೇ?

ಮೊದಲು ಉಳಿಕೆ ನೋಡಿ. ಒಂದು ರೊಟ್ಟಿಗೆ ಉಳಿಕೆಯ ಬದಲು ಕೈಯಿಂದಲೇ ಹೋಗುತ್ತಿದೆ ಅಂದರೆ ಜಾಸ್ತಿ ಮಾರಿದಷ್ಟೂ ನಷ್ಟ ಜಾಸ್ತಿ, ನಾಳೆಯೇ ನಿಲ್ಲಿಸಿ. ಉಳಿಕೆ ಇದೆ, ಕಾಯಂ ಖರ್ಚು ಮಾತ್ರ ಮುಟ್ಟುತ್ತಿಲ್ಲ ಅಂದರೆ ಆ ಖರ್ಚಿನಲ್ಲಿ ಯಾವುದನ್ನು ಕೈ ಬಿಡಬಹುದು ಅಂತ ನೋಡಿ.

ನಾವು ಬಾಡಿಗೆ ಬಿಟ್ಟೆವು. ಮುಖ್ಯ ರಸ್ತೆಯ ಅಂಗಡಿ ಖಾಲಿ ಮಾಡಿ ಅದೇ ಓಣಿಯ ಒಳಗೆ 2,500 ಬಾಡಿಗೆಯ ಒಂದು ಖೋಲಿಗೆ ಹೋದೆವು. ಕಾಯಂ ಖರ್ಚು 20,500ಕ್ಕೆ ಇಳಿಯಿತು, ದಿನದ ಸಂಖ್ಯೆ 198ಕ್ಕೆ. ಹಳೆಯ ಗಿರಾಕಿಗಳ ಫೋನ್ ನಂಬರ್ ಬರೆದಿಟ್ಟುಕೊಂಡಿದ್ದರಿಂದ ಅವರು ಕೈ ಬಿಡಲಿಲ್ಲ, ಬೆಳಿಗ್ಗೆ ಫೋನ್ ಮಾಡಿ ಹೇಳಿ ಸಂಜೆ ಬಂದು ಒಯ್ಯುತ್ತಾರೆ, ರೂಮಿನ ಹುಡುಗರು ಒಬ್ಬರಿಗೊಬ್ಬರು ಹೇಳಿ ಸೇರಿಕೊಂಡರು. ಈಗ ದಿನಕ್ಕೆ 210 ಹೋಗುತ್ತಿವೆ. ತಮ್ಮ ಕೂಲಿ 15,000 ತೆಗೆದ ಮೇಲೂ ವೈನಿಗೆ ತಿಂಗಳಿಗೆ 1,340 ರೂಪಾಯಿ ಉಳಿಯುತ್ತದೆ.